ಸೆಕೆಯೇ ಬೇರೆ, ಝಳವೇ ಬೇರೆ: ಬಿಸಿಗಾಳಿ ಎಚ್ಚರಿಕೆ ಯಾವ ಬಿಸಿಯನ್ನು ಹೇಳುತ್ತದೆ?

ಏಪ್ರಿಲ್ ತಿಂಗಳ ಮಧ್ಯಾಹ್ನ ಕಲಬುರಗಿಯ ಬಸ್ ನಿಲ್ದಾಣದಲ್ಲಿ ನಿಂತವರು ‘ಝಳ ಭಾಳ ಅದರಿ’ ಎನ್ನುತ್ತಾರೆ. ಅದೇ ಹೊತ್ತಿಗೆ ಮಂಗಳೂರಿನ ಅಂಗಡಿ ಜಗಲಿಯ ನೆರಳಿನಲ್ಲಿ ಕೂತವರು ‘ಎಂಥ ಸೆಕೆ ಮಾರಾಯ್ರೆ’ ಎಂದು ಬೈರಾಸಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾರೆ. ಬೆಂಗಳೂರಿನ ಶೀಟಿನ ಮನೆಯಲ್ಲಿ ರಾತ್ರಿ ಹನ್ನೊಂದಾದರೂ ಕಣ್ಣು ಮುಚ್ಚಲಾಗದವರು ದೂರುವುದು ಧಗೆಯನ್ನು. ಮೂವರೂ ಮೂರು ಬೇರೆ ಸಂಗತಿಗಳನ್ನು ಹೇಳುತ್ತಿದ್ದಾರೆ. ಮೂರೂ ಬೇರೆ ಬೇರೆ ರೀತಿಯಲ್ಲಿ ದೇಹವನ್ನು ಕಾಡುತ್ತವೆ, ಮೂರಕ್ಕೂ ಬೇರೆ ಬೇರೆ ಉಪಾಯ ಬೇಕಾಗುತ್ತದೆ. ಆದರೆ ಮೊಬೈಲಿಗೆ ಬರುವ ಸರ್ಕಾರಿ ಸಂದೇಶದಲ್ಲಿ, ಪತ್ರಿಕೆಯ ಮುಖಪುಟದಲ್ಲಿ, ಟಿವಿಯ ಕೆಳಗೆ ಓಡುವ ಸಾಲಿನಲ್ಲಿ ಈ ಮೂರಕ್ಕೂ ಸಿಗುವ ಹೆಸರು ಒಂದೇ: ಬಿಸಿಗಾಳಿ. ಕೆಲವೊಮ್ಮೆ ಅದು ‘ಶಾಖದ ಅಲೆ’ ಅಥವಾ ‘ಉಷ್ಣ ಅಲೆ’ಯಾಗಿ ವೇಷ ಬದಲಿಸುತ್ತದೆ, ಅಷ್ಟೆ.

ಇದು ಬರೀ ಪದಗಳ ಜಗಳವಾಗಿದ್ದರೆ ನಿಘಂಟು ರಚಿಸುವವರಿಗೆ ಬಿಟ್ಟುಬಿಡಬಹುದಿತ್ತು. ಯಾವ ಬಿಸಿಯನ್ನು ಅಪಾಯವೆಂದು ಕರೆಯುತ್ತೇವೆ ಎಂಬುದರ ಮೇಲೆ ಎಚ್ಚರಿಕೆ ಯಾರಿಗೆ ತಲುಪುತ್ತದೆ, ಯಾರ ಕೆಲಸದ ವೇಳೆ ಬದಲಾಗುತ್ತದೆ, ಯಾರ ಸಾವಿಗೆ ಪರಿಹಾರ ಸಿಗುತ್ತದೆ ಎಂಬುದೆಲ್ಲ ನಿಂತಿರುವುದರಿಂದ ಪದವನ್ನೇ ಹಿಡಿದು ಕೇಳಬೇಕಾಗಿದೆ.

ಕನ್ನಡಕ್ಕೆ ಈ ವಿಷಯದಲ್ಲಿ ಬಡತನವಿಲ್ಲ. ಬಿಸಿ, ಬಿಸಿಲು, ಬೇಸಿಗೆ, ಬೇಯು ಒಂದೇ ಬೇರಿನ ಪದಗಳೆಂದು ಭಾಷಾಶಾಸ್ತ್ರಜ್ಞರು ಗುರುತಿಸುತ್ತಾರೆ. ಎಳೆಬಿಸಿಲಿಗೆ ಮೈಯೊಡ್ಡುತ್ತೇವೆ, ಸುಡುಬಿಸಿಲಿಗೆ ಹೆದರುತ್ತೇವೆ, ಉತ್ತರದ ಜಿಲ್ಲೆಗಳಲ್ಲಿ ಅದು ರಣಬಿಸಿಲಾಗುತ್ತದೆ. ಬೆಂಕಿಯ ಬಳಿ ನಿಂತಾಗ ಮುಖಕ್ಕೆ ರಾಚುವುದು ಝಳ; ಒಳಗೊಳಗೇ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುವುದು ಕಾವು. ಕಾದ ಕಬ್ಬಿಣಕ್ಕೂ ಕಾವಿದೆ, ಮೊಟ್ಟೆಯ ಮೇಲೆ ಕೂತ ಕೋಳಿಗೂ ಕಾವಿದೆ. ಗಾಳಿಯಲ್ಲಿ ನೀರಿನ ಪಸೆ ತುಂಬಿ ಬೆವರು ಆರದೆ ಅಂಟಿಕೊಂಡಾಗ ಆಗುವುದು ಸೆಕೆ. ಸಂಸ್ಕೃತದಿಂದ ಬಂದ ತಾಪ, ಉಷ್ಣಗಳೂ ಅವುಗಳ ಜೊತೆ ಶಾಖವೂ ಪಠ್ಯಪುಸ್ತಕಕ್ಕೂ ವೈದ್ಯರ ಕೋಣೆಗೂ ಹೋದವು. ಈ ಪದಗಳ ನಡುವಿನ ಗಡಿ ಎಲ್ಲೆಡೆ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ ಎಂಬುದನ್ನೂ ಒಪ್ಪಬೇಕು: ಹಳೇ ಮೈಸೂರಿನ ಕಡೆ ಒಣ ಬಿಸಿಲಿಗೂ ‘ಶೆಕೆ’ ಎಂದುಬಿಡುವವರು ಧಾರಾಳವಾಗಿದ್ದಾರೆ. ಆದರೂ ಸೆಕೆಯ ಊರಿನವರು ಝಳದ ಊರಿಗೆ ಹೋದರೆ ವ್ಯತ್ಯಾಸವನ್ನು ಮೊದಲ ದಿನವೇ ಹೇಳುತ್ತಾರೆ. ಇಂಗ್ಲಿಷ್ ಇವೆಲ್ಲಕ್ಕೂ ಬಹುಮಟ್ಟಿಗೆ ‘ಹೀಟ್’ ಎಂಬ ಒಂದೇ ಪದವನ್ನು ದುಡಿಸುತ್ತದೆ. ಹಸು ಬೆದೆಗೆ ಬಂದರೂ ಅದಕ್ಕೆ ಹೀಟೇ. ಈಗ ನಮ್ಮ ಹಾಲಿನ ಡೇರಿಗಳಲ್ಲೂ ‘ಹಸು ಹೀಟಿಗೆ ಬಂದಿದೆ’ ಎನ್ನುವುದು ರೂಢಿಯಾಗಿದೆ. ಇದರಲ್ಲೊಂದು ವ್ಯಂಗ್ಯವಿದೆ: ಬೇಸಿಗೆಯ ಬಿಸಿ ಹೆಚ್ಚಾದಷ್ಟೂ ಎಮ್ಮೆಗಳಲ್ಲಿ ಬೆದೆಯ ಲಕ್ಷಣಗಳು ಹೊರಗೆ ಕಾಣದಂತಾಗುತ್ತವೆ. ಪಶುವೈದ್ಯರು ಅದನ್ನು ಮೂಕಬೆದೆ ಎನ್ನುತ್ತಾರೆ. ಒಂದು ಹೀಟು ಇನ್ನೊಂದು ಹೀಟನ್ನು ಅಡಗಿಸುವ ಈ ಸಂಗತಿಯನ್ನು ಕನ್ನಡದಲ್ಲಿ ಗೊಂದಲವಿಲ್ಲದೆ ಹೇಳಬಹುದು, ಇಂಗ್ಲಿಷಿನಲ್ಲಿ ಹೇಳುವುದು ಕಷ್ಟ.

ಭೌತವಿಜ್ಞಾನಕ್ಕೂ ಈ ಗೊಂದಲ ಬಹಳ ಕಾಲ ಕಾಡಿತ್ತು. ಶಾಖ ಬೇರೆ, ತಾಪಮಾನ ಬೇರೆ ಎಂದು ಸ್ಪಷ್ಟವಾಗಿ ಬೇರ್ಪಡಿಸಿದವರಲ್ಲಿ ಹದಿನೆಂಟನೆಯ ಶತಮಾನದ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಪ್ರಮುಖರು. ದೀಪಾವಳಿಯ ಸುರುಸುರು ಬತ್ತಿಯಿಂದ ಹಾರುವ ಕಿಡಿಯ ತಾಪಮಾನ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ಆದರೂ ಕೈಮೇಲೆ ಬಿದ್ದರೆ ಚುರ್ ಎಂದು ಆರಿಹೋಗುತ್ತದೆ. ಬಚ್ಚಲ ಹಂಡೆಯ ನೀರು ಎಪ್ಪತ್ತು ಡಿಗ್ರಿಯಷ್ಟೇ ಇದ್ದರೂ ಮೈಮೇಲೆ ಚೆಲ್ಲಿದರೆ ಆಸ್ಪತ್ರೆಗೆ ಸೇರಬೇಕಾಗುತ್ತದೆ. ಕಿಡಿಯಲ್ಲಿ ತಾಪಮಾನ ಹೆಚ್ಚು, ಹಂಡೆಯಲ್ಲಿ ಶಾಖ ಹೆಚ್ಚು. ನೀರು ಆವಿಯಾಗುವಾಗ ತಾಪಮಾನ ಏರದೆಯೇ ಅಪಾರ ಶಾಖವನ್ನು ಹೀರಿಕೊಳ್ಳುತ್ತದೆ ಎಂಬುದನ್ನು ಕಂಡುಕೊಂಡವರೂ ಬ್ಲ್ಯಾಕ್ ಅವರೇ. ಪಠ್ಯಪುಸ್ತಕದಲ್ಲಿ ಗುಪ್ತೋಷ್ಣ ಎಂದು ಓದಿ ಮರೆತ ಆ ಅಧ್ಯಾಯದ ಮೇಲೆಯೇ ನಮ್ಮ ಬೆವರಿನ ಕೆಲಸವೆಲ್ಲ ನಡೆಯುತ್ತಿದೆ.

ಹಾಗಾದರೆ ಹವಾಮಾನ ಇಲಾಖೆ ಅಳೆಯುವುದು ಏನನ್ನು? ಬಿಳಿ ಬಣ್ಣ ಬಳಿದ, ಸುತ್ತಲೂ ಗಾಳಿಯಾಡಲು ಪಟ್ಟಿಗಳಿರುವ ಮರದ ಪೆಟ್ಟಿಗೆಯೊಂದನ್ನು ನೆಲದಿಂದ ಎದೆಯೆತ್ತರದಲ್ಲಿ ನಿಲ್ಲಿಸಿ, ಅದರೊಳಗಿನ ನೆರಳಿನಲ್ಲಿ ತಾಪಮಾಪಕವನ್ನಿಡುತ್ತಾರೆ. ಊರೂರುಗಳ ಅಂಕಿಗಳನ್ನು ಹೋಲಿಸಲು ಇದೇ ಸರಿಯಾದ ವಿಧಾನ. ಆದರೆ ಸಂಜೆಯ ಸುದ್ದಿಯಲ್ಲಿ ಕೇಳುವ 41 ಡಿಗ್ರಿ ನೆರಳಿನ ಗಾಳಿಯ ತಾಪಮಾನ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ನೆತ್ತಿಯ ಮೇಲಿನ ಬಿಸಿಲಾಗಲಿ, ಕಾಲಡಿಯ ಕಾಂಕ್ರೀಟಿನ ಕಾವಾಗಲಿ, ಗಾಳಿಯ ತೇವವಾಗಲಿ ಆ ಅಂಕಿಯಲ್ಲಿಲ್ಲ.

ಈ ಅಂಕಿಯ ಮೇಲೆಯೇ ಭಾರತೀಯ ಹವಾಮಾನ ಇಲಾಖೆಯ ಮಾನದಂಡ ನಿಂತಿದೆ. ಬಯಲು ಸೀಮೆಯ ಕೇಂದ್ರದಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಮುಟ್ಟಬೇಕು. ಜೊತೆಗೆ ಅದು ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಬಯಲು ಸೀಮೆಯಲ್ಲಿ ವಾಡಿಕೆ ಎಷ್ಟೇ ಇರಲಿ, 45 ಡಿಗ್ರಿ ಮುಟ್ಟಿದರೆ ಅದು ಬಿಸಿಗಾಳಿ, 47 ಮುಟ್ಟಿದರೆ ತೀವ್ರ ಬಿಸಿಗಾಳಿ. ಒಂದು ಹವಾಮಾನ ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ ಸತತ ಎರಡು ದಿನ ಈ ಸ್ಥಿತಿ ಕಂಡರೆ ಎರಡನೆಯ ದಿನ ಘೋಷಣೆಯಾಗುತ್ತದೆ. ಕರ್ನಾಟಕದಲ್ಲಿ ಅಂಥ ಉಪವಿಭಾಗಗಳು ಮೂರು: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು.

ಈ ನಿಯಮವನ್ನು ಮೊದಲು ಹೇಳಿದ ಮೂರು ಊರುಗಳಿಗೆ ಹಚ್ಚಿ ನೋಡಿದರೆ ಅದರ ಮಿತಿ ಗೋಚರಿಸುತ್ತದೆ. ಕಲಬುರಗಿಯಲ್ಲಿ ಮೇ ತಿಂಗಳ ವಾಡಿಕೆಯ ಗರಿಷ್ಠ ತಾಪಮಾನವೇ 40 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಅಲ್ಲಿ 42 ಅಥವಾ 43 ಡಿಗ್ರಿಯ ದಿನ ನಿಯಮದ ಪ್ರಕಾರ ಮಾಮೂಲಿ ಬೇಸಿಗೆಯ ದಿನ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದರೂ ಅದನ್ನು ಗುಡ್ಡಗಾಡಿನ ಲೆಕ್ಕಕ್ಕೆ ಸೇರಿಸುವುದಿಲ್ಲ. 2016ರ ಏಪ್ರಿಲ್ 24ರಂದು ಅಲ್ಲಿ 39.2 ಡಿಗ್ರಿ ದಾಖಲಾದಾಗ ಅದು ವಾಡಿಕೆಗಿಂತ ಸುಮಾರು 5 ಡಿಗ್ರಿ ಹೆಚ್ಚಾಗಿತ್ತು, ಆದರೆ 40ರ ಗೆರೆ ಮುಟ್ಟಿರಲಿಲ್ಲ. 2024ರ ಏಪ್ರಿಲ್ 28ರ 38.5 ಡಿಗ್ರಿಯ ಕಥೆಯೂ ಅದೇ. ಊರಿಗೆ ಊರೇ ಬೆಂದುಹೋದೆವೆಂದು ಹೇಳುತ್ತಿದ್ದಾಗ ನಿಯಮದ ಕಣ್ಣಿನಲ್ಲಿ ನಗರದಲ್ಲಿ ಬಿಸಿಗಾಳಿ ಇರಲೇ ಇಲ್ಲ. ಮಂಗಳೂರಿನದು ಇನ್ನೂ ವಿಚಿತ್ರ, ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ನಮ್ಮ ಒಡಲಿನ ತಾಪಮಾನ 37 ಡಿಗ್ರಿ. ಚರ್ಮದ್ದು ಸುಮಾರು 35. ಸುತ್ತಲಿನ ಗಾಳಿ ಚರ್ಮಕ್ಕಿಂತ ತಂಪಾಗಿರುವವರೆಗೆ ದೇಹದ ಶಾಖ ತಾನಾಗಿ ಹೊರಗೆ ಹರಿಯುತ್ತದೆ. ಗಾಳಿ ಅದಕ್ಕಿಂತ ಬಿಸಿಯಾದ ಮೇಲೆ ಉಳಿಯುವ ದಾರಿ ಬೆವರೊಂದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. 30 ಡಿಗ್ರಿಯ ಒಂದು ಲೀಟರ್ ನೀರನ್ನು ಒಲೆಯ ಮೇಲಿಟ್ಟು ಕುದಿಯುವ ಹದಕ್ಕೆ ತರಲು ಬೇಕಾಗುವ ಶಾಖದ ಎಂಟು ಪಟ್ಟು ಅದು. ಆದರೆ ಬೆವರು ಸುರಿದರೆ ಸಾಲದು, ಆರಬೇಕು. ಗಾಳಿಯಲ್ಲಿ ಆಗಲೇ ನೀರಿನ ಪಸೆ ತುಂಬಿದ್ದರೆ ಅದು ಮೈಮೇಲೆ ಇಳಿಯುತ್ತದೆ, ಅಂಗಿ ನೆನೆಸುತ್ತದೆ, ಶಾಖವನ್ನು ಮಾತ್ರ ಒಯ್ಯುವುದಿಲ್ಲ. ಇದನ್ನು ಅಳೆಯಲು ತಾಪಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡಿಸಿ ನೋಡುವ ಹಳೆಯ ವಿಧಾನವಿದೆ. ಹಾಗೆ ಸಿಕ್ಕ ಅಂಕಿಯೇ ಆರ್ದ್ರ ಬಲ್ಬಿನ ತಾಪಮಾನ. ಅದು 35 ಡಿಗ್ರಿ ಮುಟ್ಟಿದರೆ ಆರೋಗ್ಯವಂತರು ನೆರಳಿನಲ್ಲಿ ಬರಿಮೈಯಲ್ಲಿ ಕೂತರೂ ಕೆಲವು ಗಂಟೆಗಳಿಗಿಂತ ಹೆಚ್ಚು ತಾಳಲಾರರು ಎಂದು 2010ರಲ್ಲಿ ಶೆರ್ವುಡ್ ಮತ್ತು ಹ್ಯೂಬರ್ ಎಂಬ ವಿಜ್ಞಾನಿಗಳು ಲೆಕ್ಕ ಹಾಕಿದರು. ಆಮೇಲೆ ಅಮೆರಿಕದಲ್ಲಿ ಯುವಜನರನ್ನು ಕೋಣೆಯಲ್ಲಿ ಕೂರಿಸಿ ಮಾಡಿದ ಪ್ರಯೋಗಗಳು, ತೇವದ ಗಾಳಿಯಲ್ಲಿ ಆ ಮಿತಿ 31 ಡಿಗ್ರಿಯ ಸುತ್ತಮುತ್ತಲೇ ಬರುತ್ತದೆ ಎಂದು ತೋರಿಸಿದವು.

ಈಗ ಲೆಕ್ಕ ಮಾಡಿ ನೋಡೋಣ. 42 ಡಿಗ್ರಿ ಬಿಸಿಲಿದ್ದು ಗಾಳಿಯ ತೇವಾಂಶ ಶೇ 20ರಷ್ಟಿರುವ ರಾಯಚೂರಿನಂಥ ಕಡೆ ಆರ್ದ್ರ ಬಲ್ಬಿನ ತಾಪಮಾನ ಸುಮಾರು 24 ಡಿಗ್ರಿ. 34 ಡಿಗ್ರಿಯಷ್ಟೇ ಇದ್ದು ತೇವಾಂಶ ಶೇ 70 ಇರುವ ಕರಾವಳಿಯಲ್ಲಿ ಅದು 29 ದಾಟುತ್ತದೆ. ಮೊದಲನೆಯದು ಪತ್ರಿಕೆಯಲ್ಲಿ ಕೆಂಪು ಅಕ್ಷರದ ಸುದ್ದಿ. ಎರಡನೆಯದಕ್ಕೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ, ಏಕೆಂದರೆ ಕರಾವಳಿಯ 37 ಡಿಗ್ರಿಯ ಗೆರೆಗೆ ಅದು ಸಮೀಪವೂ ಬಂದಿಲ್ಲ. ಹಾಗಂತ ರಾಯಚೂರಿನ ಝಳ ಸುಳ್ಳು ಅಪಾಯವೆಂದಲ್ಲ: ಅಲ್ಲಿ ಗಾಳಿಯೇ ದೇಹಕ್ಕೆ ಶಾಖ ತುಂಬುತ್ತದೆ, ಬೆವರು ಬಂದದ್ದು ತಿಳಿಯುವ ಮೊದಲೇ ಆರಿಹೋಗುತ್ತದೆ, ಮೈ ಒಣಗಿದೆ ಎಂದುಕೊಂಡವರು ಲೀಟರುಗಟ್ಟಲೆ ನೀರು ಕಳೆದುಕೊಂಡಿರುತ್ತಾರೆ. ಝಳ ದೇಹದ ನೀರನ್ನು ಬತ್ತಿಸಿ ಕೆಡಿಸುತ್ತದೆ, ಸೆಕೆ ಬೆವರಿನ ದಾರಿಯನ್ನೇ ಮುಚ್ಚಿ ಕೆಡಿಸುತ್ತದೆ. ಕರಾವಳಿಯಲ್ಲಿ 37 ದಾಟುವ ದಿನಗಳು ಬರುವುದಾದರೂ ಹೇಗೆ? ಫೆಬ್ರವರಿ ಕೊನೆ, ಮಾರ್ಚ್ ತಿಂಗಳುಗಳಲ್ಲಿ ಘಟ್ಟದ ಕಡೆಯಿಂದ ಒಣ ಗಾಳಿ ಬೀಸಿ, ಕಡಲ ಗಾಳಿ ಬರುವುದು ತಡವಾದಾಗ. ಅಂದರೆ ಕರಾವಳಿಗೆ ಎಚ್ಚರಿಕೆ ಸಿಗುವುದು ಬಹುಪಾಲು ಅಲ್ಲಿ ಸೆಕೆ ಕಡಿಮೆಯಾಗಿ ಝಳ ಬಂದ ದಿನಗಳಲ್ಲಿ! ಏಪ್ರಿಲ್, ಮೇ ತಿಂಗಳ ನಿಜವಾದ ಸೆಕೆಗಾಲವೆಲ್ಲ ಆ ಬಲೆಯ ಕಣ್ಣುಗಳಿಂದ ನುಸುಳಿ ಹೋಗುತ್ತದೆ.

ಹವಾಮಾನ ಇಲಾಖೆಗೆ ಇದು ತಿಳಿಯದ್ದಲ್ಲ. ತಾಪಮಾನ, ತೇವಾಂಶಗಳನ್ನು ಸೇರಿಸಿದ ಸೂಚ್ಯಂಕವನ್ನು ಅದು 2023ರಿಂದ ಪ್ರಾಯೋಗಿಕವಾಗಿ ಪ್ರಕಟಿಸುತ್ತಿದೆ. ಕರಾವಳಿಗೆ ‘ಬಿಸಿ ಮತ್ತು ಆರ್ದ್ರ ವಾತಾವರಣ’ ಎಂಬ ಪ್ರತ್ಯೇಕ ಮುನ್ಸೂಚನೆಯನ್ನೂ ಕೊಡುತ್ತದೆ. ಆದರೆ ಆ ಮಾತು ಕನ್ನಡಕ್ಕೆ ಬರುವಷ್ಟರಲ್ಲಿ ಒಂದೋ ‘ಬಿಸಿಗಾಳಿ’ಯ ಜೊತೆ ಬೆರೆತುಹೋಗುತ್ತದೆ, ಇಲ್ಲವೇ ಯಾರೂ ಆಡದ ಭಾಷೆಯಲ್ಲಿ ಉಳಿಯುತ್ತದೆ. ‘ನಾಳೆ, ನಾಡಿದ್ದು ಸೆಕೆ ಅಪಾಯದ ಮಟ್ಟದಲ್ಲಿರುತ್ತದೆ’ ಎಂದು ಬರೆದರೆ ಉಡುಪಿಯ ಮೀನು ಮಾರುವ ಮಹಿಳೆಗೂ ಅರ್ಥವಾಗುತ್ತದೆ. ‘ಬಿಸಿಗಾಳಿ’ ಎಂದಾಗ ಅವರು ಹೊರಗೆ ನೋಡುತ್ತಾರೆ, ಗಾಳಿಯೇ ಇರುವುದಿಲ್ಲ. ಉತ್ತರ ಭಾರತದಲ್ಲಿ ಬೀಸುವ ‘ಲೂ’ ನಿಜವಾಗಿಯೂ ಗಾಳಿ. ನಮ್ಮ ‘ಬಿಸಿಗಾಳಿ’ ಎಂಬ ಪದ ಆ ಚಿತ್ರವನ್ನು ಎಲ್ಲ ಕಡೆಗೂ ಹೊತ್ತುಕೊಂಡು ತಿರುಗುತ್ತಿದೆ.

ಹೆಸರು ತಪ್ಪಿದರೆ ಸಲಹೆಯೂ ತಪ್ಪುತ್ತದೆ ಎಂಬುದೇ ಇಲ್ಲಿನ ಮುಖ್ಯ ತೊಡಕು. ಸೆಕೆಗೆ ಫ್ಯಾನು ಮದ್ದು, ಏಕೆಂದರೆ ಅದು ಮೈಮೇಲಿನ ಪಸೆಯನ್ನು ಆರಿಸುತ್ತದೆ. ಗಾಳಿ 40 ಡಿಗ್ರಿ ದಾಟಿದ ಮೇಲೆ ಅದೇ ಫ್ಯಾನು ದೇಹವನ್ನು ಇನ್ನಷ್ಟು ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ಕಲಬುರಗಿಯಲ್ಲಿ ಹಗಲು ಕಿಟಕಿ ಮುಚ್ಚಿ ಪರದೆ ಎಳೆಯುವುದು ಜಾಣತನ, ಮಂಗಳೂರಿನಲ್ಲಿ ಕಿಟಕಿ ಮುಚ್ಚಿದರೆ ಉಸಿರುಗಟ್ಟುತ್ತದೆ. ನೀರು ತುಂಬಿಸುವ ಕೂಲರು ವಿಜಯಪುರದಲ್ಲಿ ಕೋಣೆಯನ್ನು ತಂಪು ಮಾಡುತ್ತದೆ, ಕಾರವಾರದಲ್ಲಿ ಅದೇ ಕೂಲರು ಸೆಕೆಯನ್ನು ಹೆಚ್ಚಿಸುತ್ತದೆ. ಇಡೀ ರಾಜ್ಯಕ್ಕೆ ಒಂದೇ ಕರಪತ್ರ ಅಚ್ಚು ಹಾಕಿದರೆ ಅದರ ಅರ್ಧ ಸಾಲುಗಳು ಅರ್ಧ ಜಿಲ್ಲೆಗಳಿಗೆ ಹೊಂದುವುದಿಲ್ಲ.

ಧಗೆಯ ಮಾತು ಬೇರೆ. ಹಗಲೆಲ್ಲ ಬಿಸಿಲುಂಡ ಕಾಂಕ್ರೀಟು, ಸಿಮೆಂಟ್ ಶೀಟು, ಡಾಂಬರು ರಸ್ತೆ ರಾತ್ರಿ ಅದನ್ನು ಕಾವಾಗಿ ಹೊರಬಿಡುತ್ತವೆ. ಹಗಲು ಬಳಲಿದ ಹೃದಯಕ್ಕೆ ರಾತ್ರಿಯ ತಂಪಿನಲ್ಲಿ ಸಿಗಬೇಕಾದ ವಿಶ್ರಾಂತಿ ಆಗ ಸಿಗುವುದಿಲ್ಲ. ಇಲಾಖೆಯ ಬಳಿ ‘ಬಿಸಿ ರಾತ್ರಿ’ಯ ಮಾನದಂಡವೂ ಇದೆ, ಆದರೆ ಅದು ಜಾರಿಗೆ ಬರುವುದು ಹಗಲಿನ ತಾಪಮಾನ 40 ಡಿಗ್ರಿ ಮುಟ್ಟಿದ್ದರೆ ಮಾತ್ರ. ಹಾಗಾಗಿ ಬೆಂಗಳೂರಿನ ಧಗೆಯ ರಾತ್ರಿಗಳಿಗೆ ಈ ಲೆಕ್ಕದಲ್ಲೂ ಜಾಗವಿಲ್ಲ. ಗರಿಷ್ಠ ತಾಪಮಾನ ಮುಖಪುಟದಲ್ಲಿ ಬರುತ್ತದೆ, ಕನಿಷ್ಠ ತಾಪಮಾನ ಒಳಪುಟದ ಮೂಲೆಯ ಚೌಕದಲ್ಲಿ.

ದೇಹದೊಳಗಿನ ಬಿಸಿಗೆ ನಮ್ಮಲ್ಲಿ ಇನ್ನೊಂದು ಹೆಸರಿದೆ: ಉಷ್ಣ. ಬಾಯಿಹುಣ್ಣಾದರೆ, ಉರಿಮೂತ್ರವಾದರೆ, ಕಣ್ಣು ಉರಿದರೆ ‘ಉಷ್ಣ ಆಗಿದೆ’ ಎನ್ನುತ್ತೇವೆ. ಪಪಾಯಿ ಉಷ್ಣ, ಎಳನೀರು ತಂಪು. ಈ ತಿಳಿವಳಿಕೆಯಿಂದ ಉಪಕಾರವೂ ಆಗಿದೆ. ಉಪ್ಪು ಹಾಕಿದ ನೀರುಮಜ್ಜಿಗೆ, ರಾಗಿ ಅಂಬಲಿ, ರಾಮನವಮಿಯ ಪಾನಕ, ಕೋಸಂಬರಿ ಇವೆಲ್ಲ ಬೇಸಿಗೆಯಲ್ಲಿ ದೇಹ ಕಳೆದುಕೊಳ್ಳುವ ನೀರು, ಲವಣಗಳನ್ನು ತುಂಬುವ ಒಳ್ಳೆಯ ದಾರಿಗಳೇ. ಆದರೆ ಇಟ್ಟಿಗೆ ಗೂಡಿನಲ್ಲಿ ದಿನವಿಡೀ ದುಡಿದು ನೀರು ಕುಡಿಯಲು ಪುರುಸೊತ್ತಿಲ್ಲದವರ ಉರಿಮೂತ್ರವನ್ನೂ ‘ಉಷ್ಣ’ ಎಂದು ಕರೆದಾಗ ತಪ್ಪು ಅವರು ತಿಂದ ಪದಾರ್ಥದ ತಲೆಗೆ ಬರುತ್ತದೆ, ಕೆಲಸದ ಸ್ಥಿತಿ ಪ್ರಶ್ನೆಯಾಗುವುದಿಲ್ಲ. ಪದೇ ಪದೇ ಹೀಗೆ ನೀರು ಬತ್ತಿದರೆ ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ.

‘ಬಿಸಿಲಾಘಾತ’ ಎಂಬ ಪದದಲ್ಲೂ ಇಂಥದೇ ತೊಡಕಿದೆ. ಒಡಲಿನ ತಾಪಮಾನ 40 ಡಿಗ್ರಿ ಮೀರಿ, ಮಾತು ತೊದಲಿ, ಪ್ರಜ್ಞೆ ತಪ್ಪುವ ಆ ಸ್ಥಿತಿಗೆ ಬಿಸಿಲೇ ಬೇಕೆಂದಿಲ್ಲ. 2003ರಲ್ಲಿ ಯುರೋಪಿನಲ್ಲಿ 70,000ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ಬೇಸಿಗೆಯಲ್ಲಿ, 1995ರ ಜುಲೈನಲ್ಲಿ ಷಿಕಾಗೊದಲ್ಲಿ, ಸತ್ತವರಲ್ಲಿ ಬಹಳಷ್ಟು ಮಂದಿ ಮನೆಯೊಳಗೇ ಇದ್ದ ಒಂಟಿ ಮುದುಕರು. ನಮ್ಮಲ್ಲಿ ಹೊಲದಲ್ಲಿ ಬವಳಿ ಬಂದು ಬಿದ್ದವರ ಸಾವು ಬಿಸಿಲಿನ ಸಾವಾಗಿ ಸುದ್ದಿಯಾಗುತ್ತದೆ. ಶೀಟಿನ ಮನೆಯಲ್ಲಿ ಮಲಗಿದ್ದ ಸಕ್ಕರೆ ಕಾಯಿಲೆಯ ಅಜ್ಜಿಯ ಸಾವು ‘ಹೃದಯಾಘಾತ’ವಾಗಿ ಮುಗಿಯುತ್ತದೆ. ಮರಣ ಪ್ರಮಾಣಪತ್ರದಲ್ಲಿ ವೈದ್ಯರು ಬರೆಯುವ ಆ ಒಂದು ಪದ ಸರ್ಕಾರದ ಲೆಕ್ಕವನ್ನೂ ಕುಟುಂಬದ ಪರಿಹಾರವನ್ನೂ ತೀರ್ಮಾನಿಸುತ್ತದೆ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಯನ್ನು ಸಂಶೋಧಕರು ಅಳೆದದ್ದು ಈ ಪದವನ್ನು ಬದಿಗಿಟ್ಟು: ಕಾರಣ ಏನೇ ಬರೆದಿರಲಿ, ಆ ತಿಂಗಳು ಒಟ್ಟು ಎಷ್ಟು ಜನ ಹೆಚ್ಚಾಗಿ ಸತ್ತರು ಎಂದು ಎಣಿಸಿದರು. ಸಿಕ್ಕ ಸಂಖ್ಯೆ 1,344. 2013ರಲ್ಲಿ ಆ ನಗರ ದಕ್ಷಿಣ ಏಷ್ಯಾದಲ್ಲೇ ಮೊದಲ ಬಾರಿಗೆ ಬಿಸಿಯನ್ನು ಎದುರಿಸುವ ಕ್ರಿಯಾಯೋಜನೆ ರೂಪಿಸಲು ಆ ಎಣಿಕೆ ಕಾರಣವಾಯಿತು. ಕೇರಳ 2019ರಲ್ಲಿ, ತಮಿಳುನಾಡು 2024ರಲ್ಲಿ, ತೆಲಂಗಾಣ 2025ರಲ್ಲಿ ಬಿಸಿಗಾಳಿಯನ್ನು ರಾಜ್ಯಮಟ್ಟದ ವಿಕೋಪವೆಂದು ಘೋಷಿಸಿಕೊಂಡವು. ಹಾಗೆ ಘೋಷಿಸಿದರೆ ರಾಜ್ಯ ವಿಕೋಪ ನಿಧಿಯ ಶೇ 10ರವರೆಗಿನ ಪಾಲನ್ನು ಇದಕ್ಕೆ ಬಳಸಬಹುದು.

ಸುದ್ದಿಮನೆಗಳ ‘ಬೆಲೆಯೇರಿಕೆಯ ಬಿಸಿ’, ‘ಚುನಾವಣೆಯ ಕಾವು’ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದನ್ನಷ್ಟೇ ನೆನೆಯಬಹುದು: 2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ ಉತ್ತರ ಭಾಗದ ಹದಿನಾಲ್ಕು ಕ್ಷೇತ್ರಗಳಿಗೆ ಮತದಾನ ನಡೆದದ್ದು ಮೇ 7ರಂದು, ಬಿಸಿಲು ನೆತ್ತಿಗೇರಿದ ಕಾಲದಲ್ಲಿ. ‘ಬಿಸಿಲಿನ ಕಾವಿಗಿಂತ ಚುನಾವಣೆಯ ಕಾವೇ ಜೋರು’ ಎಂಬ ಧಾಟಿಯ ಶೀರ್ಷಿಕೆ ಬರೆಯುವುದು ಸುಲಭ. ಸಾಲಿನಲ್ಲಿ ನಿಂತವರ ಮಟ್ಟಿಗೆ ಎರಡನೆಯ ಕಾವು ಅಲಂಕಾರ, ಮೊದಲನೆಯದು ಅಲ್ಲ.

ಕೆಲಸದ ಜಾಗದ ಕಾವನ್ನು ಅಳೆಯುವ ವಿಧಾನವೂ ಹೊಸದೇನಲ್ಲ. ಅಮೆರಿಕದ ಸೇನಾ ತರಬೇತಿ ಶಿಬಿರಗಳಲ್ಲಿ ಯುವಕರು ಕುಸಿದು ಬೀಳುತ್ತಿದ್ದುದರಿಂದ 1950ರ ದಶಕದಲ್ಲೇ ಒಂದು ಸೂತ್ರ ಹುಟ್ಟಿತು: ಆರ್ದ್ರ ಬಲ್ಬಿಗೆ ಹತ್ತರಲ್ಲಿ ಏಳು ಪಾಲು, ಬಿಸಿಲಿನಲ್ಲಿಟ್ಟ ಕಪ್ಪು ಗೋಳದ ತಾಪಮಾನಕ್ಕೆ ಎರಡು ಪಾಲು, ನೆರಳಿನ ಗಾಳಿಗೆ ಒಂದೇ ಪಾಲು. ನಮ್ಮ ಸುದ್ದಿ, ನಮ್ಮ ಎಚ್ಚರಿಕೆ ನಡೆಯುತ್ತಿರುವುದು ಬಹುಮಟ್ಟಿಗೆ ಆ ಕೊನೆಯ ಒಂದು ಪಾಲಿನ ಮೇಲೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುತ್ತವೆ. ಉದ್ಯೋಗ ಖಾತರಿ ಕೂಲಿಕಾರರಿಗೂ ಬೇಸಿಗೆಯಲ್ಲಿ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ನೀಡಿದ ಉದಾಹರಣೆಗಳಿವೆ. ಅದು ಸರಿಯಾದ ಕ್ರಮ. ಆದರೆ ಒಂದೂವರೆಗೆ ಬಾಗಿಲು ಹಾಕಿದ ಕಚೇರಿಯ ಮುಂದಿನ ರಸ್ತೆಗೆ ಡಾಂಬರು ಹಾಕುತ್ತಿರುವ ಗುತ್ತಿಗೆ ಕಾರ್ಮಿಕರಿಗೆ ಆ ಆದೇಶ ಅನ್ವಯಿಸುವುದಿಲ್ಲ. ನೆಲಕ್ಕೆ ಸುರಿಯುವಾಗ ಆ ಡಾಂಬರು ಮಿಶ್ರಣ 140, 150 ಡಿಗ್ರಿಯಷ್ಟಿರುತ್ತದೆ. ನೆತ್ತಿಗೆ ಬಿಸಿಲು, ಮುಖಕ್ಕೆ ಝಳ, ಅಂಗಾಲಿಗೆ ಕಾವು ಒಟ್ಟಿಗೇ ತಾಗುತ್ತಿರುತ್ತವೆ. ಆ ಸಂಜೆಯ ಸುದ್ದಿಯಲ್ಲಿ ಆ ಊರಿನ ತಾಪಮಾನ 42 ಡಿಗ್ರಿ, ವಾಡಿಕೆಗಿಂತ ಒಂದು ಡಿಗ್ರಿ ಹೆಚ್ಚು, ಬಿಸಿಗಾಳಿಯ ಮುನ್ನೆಚ್ಚರಿಕೆ ಇಲ್ಲ.